ಅತ್ತೆಯ ಕೋಣೆಗೆ ಸಿಗ್ನಲ್ಲು

ಸುಸ್ತು ಅಂದರೆ ಏನು ಅಂತ ಈ ಸೊಸೆಯನ್ನು ಕೇಳಬೇಕು. ಫ್ರಿಜ್ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಮನೆಯಲ್ಲೇ ಕೂತು ಉತ್ತರಿಸುವುದು ಅವಳ ಕೆಲಸ. ಯಾರದೋ ಮನೆಯ ಹಾಲು ಒಡೆದರೆ ಇವಳಿಗೆ ಬೈಗುಳ. ಅದೂ ಹಾಳಾಗಿ ಹೋಗಲಿ ಎನ್ನೋಣ. ಆ ಕರೆಗಳು ಬರುವ ವೈಫೈ ರೂಟರ್ ಇದ್ದದ್ದು ಮುಂಬಾಗಿಲ ಪಕ್ಕ, ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆ ಇದ್ದದ್ದು ಹಿಂದಿನ ಕೋಣೆಯಲ್ಲಿ. ನಡುವೆ ಎರಡು ದಪ್ಪ ಗೋಡೆ. ಅತ್ತೆ ಕರೆದಾಗಲೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಲ್ಯಾಪ್‌ಟಾಪ್ ಹೊತ್ತು ಓಡುವಳು. ಅಡುಗೆಮನೆ ದಾಟುವಷ್ಟರಲ್ಲಿ ಫೋನ್ ಕಟ್.

ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: ಇನ್ನೊಮ್ಮೆ ಹೀಗಾದರೆ ಮನೆಯಿಂದ ಕೆಲಸ ಬಂದ್, ಆಫೀಸಿಗೇ ಬರಬೇಕು. ಹೋದರೆ ಅತ್ತೆಯನ್ನು ಎಬ್ಬಿಸಿ ಕೂರಿಸುವವರಾರು? ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಕೆಲಸ ಬಿಟ್ಟರೆ ಮನೆ ನಡೆಯದು. ಅತ್ತ ದರಿ, ಇತ್ತ ಪುಲಿ.

ಅತ್ತೆಗೋ ಇದಾವುದೂ ತಲೆಗೆ ಹೋಗಿರಲಿಲ್ಲ. ಅವರ ಕೋಣೆಗೆ ಕೇಳುತ್ತಿದ್ದುದು ಬರೀ ಗುಜುಗುಜು. ನೋಡಲು ಬಂದವರ ಮುಂದೆಲ್ಲ, ನನ್ನ ಸೊಸೆಗೆ ದಿನವಿಡೀ ಫೋನಿನಲ್ಲಿ ಹರಟೆ, ನಾನು ಸತ್ತರೂ ಅವಳಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಆ ಮಾತು ಸೊಸೆಯ ಕಿವಿಗೂ ಬಿದ್ದಿತ್ತು. ಎದುರಾಡಲು ಮೈಯಲ್ಲಿ ಕಸುವು ಬೇಕಲ್ಲ, ನುಂಗಿಕೊಂಡಳು.

ಸಿಗ್ನಲ್ ಹಿಂದಿನ ಕೋಣೆಗೂ ಮುಟ್ಟಲೆಂದು ಅಣ್ಣ ತನ್ನ ಹಳೆಯ ರೂಟರ್ ಒಂದನ್ನು ಕೊಟ್ಟುಹೋದ. ಭಾನುವಾರ ಅದನ್ನು ನೇರ ಅತ್ತೆಯ ತಲೆದೆಸೆಗೇ ಇಟ್ಟಳು. ಸಿಗ್ನಲ್ ಇಲ್ಲದ ಕಡೆಯಲ್ಲವೇ ಸಿಗ್ನಲ್ ಬೇಕಿರುವುದು! ಕೆಂಪು ದೀಪ ಮಿನುಗಿತು, ಅಷ್ಟೆ. ಆರಿಸಿ ಮತ್ತೆ ಹಾಕಿದಳು, ಮಂಚದ ಕೆಳಗೆ ತೂರಿ ಪ್ಲಗ್ ಬದಲಿಸಿದಳು. ಬೆನ್ನು ಬಿದ್ದುಹೋಯಿತು. ಕೊನೆಗೆ ಅಣ್ಣನಿಗೆ ಫೋನ್ ಮಾಡಿದಾಗ ಅಳುವುದೊಂದು ಬಾಕಿ.

"ಅಲ್ಲಿಟ್ರೆ ಅದಕ್ಕೇ ಏನೂ ಸಿಗಲ್ವಲ್ಲೇ. ಮೊದ್ಲು ಅದಕ್ಕೆ ಸಿಗ್ಬೇಕು, ಆಮೇಲೆ ತಾನೆ ಮುಂದಕ್ಕೆ ಕಳ್ಸೋದು? ನಡುವೆ ಎಲ್ಲಾದ್ರೂ ಇಡು," ಎಂದ ಅವನು.

ನಡುವೆ ಅಂದರೆ ಅಡುಗೆಮನೆ. ಸ್ಟೀಲ್ ಡಬ್ಬಿಗಳನ್ನು ಕೆಳಗಿಳಿಸಿ ಮೇಲಿನ ಕಪಾಟಿನಲ್ಲಿ ಜಾಗ ಮಾಡಿದಳು. ಹಸಿರು ದೀಪ ಹತ್ತಿತು. ಖುಷಿಪಡಲೂ ತ್ರಾಣವಿರಲಿಲ್ಲ, ಡಬ್ಬಿಗಳ ನಡುವೆ ನೆಲದ ಮೇಲೇ ಕೂತುಬಿಟ್ಟಳು.

ಸೋಮವಾರ ಅತ್ತೆಯ ಮಂಚದ ಪಕ್ಕವೇ ಕುರ್ಚಿ ಎಳೆದುಕೊಂಡಳು. ಫೋನ್ ಕಡಿದುಹೋಗಲಿಲ್ಲ. ಕ್ಷಮಿಸಿ ಸರ್. ತಪ್ಪಾಯಿತು ಮೇಡಂ. ಒಬ್ಬನಂತೂ ಎಷ್ಟು ಕೂಗಾಡಿದನೆಂದರೆ ಅವನ ಬೈಗುಳ ಹೆಡ್‌ಫೋನ್ ದಾಟಿ ಮಂಚದವರೆಗೂ ಬಂತು. ಅವನಿಗೂ, ಕ್ಷಮಿಸಿ ಸರ್. ಮಧ್ಯಾಹ್ನದವರೆಗೆ ಅತ್ತೆ ಒಮ್ಮೆಯೂ ಕರೆಯಲಿಲ್ಲ, ನೀರು ಕೂಡ ಕೇಳಲಿಲ್ಲ.

ಊಟದ ಬಿಡುವಿನಲ್ಲಿ ಅವರನ್ನು ಎಬ್ಬಿಸಲೆಂದು ಸೊಸೆ ಕೈ ಚಾಚಿದಳು. ಅತ್ತೆ ಕೈ ಹಿಡಿದುಕೊಂಡರು, ಏಳಲಿಲ್ಲ.

"ದಿನಾ ಇಷ್ಟು ಬೈಸ್ಕೋತೀಯೇನೇ?"

"ಹ್ಞೂಂ ಅತ್ತೆ."

"ಆ ಬೈಯೋರ ಜೊತೆ ನಾನೂ ಸೇರ್ಕೊಂಡ್ಬಿಟ್ಟೆನಲ್ಲೇ."

ಸೊಸೆಗೆ ಎಷ್ಟೋ ತಿಂಗಳಿಂದ ತಡೆದಿಟ್ಟಿದ್ದ ಅಳು ಬಂತು. ಮಂಚದ ತುದಿಯಲ್ಲಿ ಕೂತಳು. ಬಿಡುವು ಮುಗಿಯುವವರೆಗೆ ಇಬ್ಬರೂ ಊಟಕ್ಕೆ ಏಳಲಿಲ್ಲ.