ಹಳ್ಳದಾಚೆಯ ಚೌಕ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಅವರನ್ನು ಗೇಲಿ ಮಾಡದೆ ಬಿಟ್ಟವನಲ್ಲ ನಾನು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಲೇ ತಲೆ ನೆರೆಸಿಕೊಂಡ ಇಂಜಿನಿಯರ್. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಧಿಮಾಕು ಬೇರೆ. ಹಾಗಾಗಿ ಈಗ ಹೇಳಹೊರಟಿದ್ದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಮ್ಮ ಮಗಳು ಶ್ರುತಿ ಮದುವೆಯಾಗಿದ್ದು ಇಲ್ಲಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಅಮೆರಿಕದ ಹುಡುಗ ಡ್ಯಾನ್‌ನನ್ನು. ಅವನ ತಂದೆ ವಾಲ್ಟರ್ ನಮ್ಮ ಬೀಗರು. ಮದುವೆಗೆ ಬಂದಾಗ ನನ್ನ ಹೆಂಡತಿ ಸರೋಜ ಮಾಡಿದ ಬಿಸಿಬೇಳೆಬಾತ್ ತಿಂದು, ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನಷ್ಟು ಹಾಕಿಸಿಕೊಂಡ ಮನುಷ್ಯ. 'ಬೀಗ' ಎಂಬ ಮಾತನ್ನು ಕಲಿತು ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಅವರಿಗಿದ್ದದ್ದು ಒಂದೇ ಹಂಬಲ. ಅವರ ಪೂರ್ವಜರು ಬ್ರಿಟಿಷರ ಕಾಲದಲ್ಲಿ ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ರೈತರು. ನೆಲ ಸವೆದು, ಮಕ್ಕಳಿಗೆ ಪಾಲು ಸಾಲದೆ, ಗಾಡಿ ಕಟ್ಟಿಕೊಂಡು ಬೆಟ್ಟ ದಾಟಿ ಪಶ್ಚಿಮದ ಕೆಂಟಕಿಗೆ ಬಂದರು. ಅಲ್ಲಿಯ ಮೊದಲ ಚಳಿಗಾಲದಲ್ಲೇ ಮನೆಯೊಡತಿ ಹ್ಯಾನಾ ತೀರಿಕೊಂಡಳು. ಅವಳನ್ನು ಹೊಲದಲ್ಲೇ ಮಣ್ಣು ಮಾಡಿ, ಮುಂದೆ ಆ ಹೊಲವನ್ನೂ ಮಾರಿ, ಉಳಿದವರು ಇನ್ನೂ ಪಶ್ಚಿಮಕ್ಕೆ ಹೋದರು. ಹೊಲ ಎಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ವಾಲ್ಟರ್ ಅವರ ಹೃದಯ ಆಗಲೇ ಸೋತಿತ್ತು. ಕಣ್ಣು ಮುಚ್ಚುವ ಮೊದಲು ಆ ಅಜ್ಜಿಯ ತಲೆಯ ಹತ್ತಿರ ಒಂದು ಹೂವಿಡಬೇಕು ಎನ್ನುತ್ತಿದ್ದರು.

"ಅದಕ್ಕೇನಂತೆ, ನಾನು ಹುಡುಕಿಕೊಡ್ತೀನಿ" ಎಂದುಬಿಟ್ಟೆ. ಬೀಗರ ಮುಂದೆ ಜಂಬ!

"ಬೇಕಿತ್ತಾ ನಿಮಗೆ?" ಎಂದಳು ಸರೋಜ. "ಇಲ್ಲಿ ಕೂತು ಅಲ್ಲಿಯ ಹೊಲ ಅಳೀತೀರಾ? ಬೀಗರ ಮುಂದೆ ನಗೆಪಾಟಲಾಗ್ಬೇಡಿ."

ವಾಲ್ಟರ್ ಕಳಿಸಿದ ಹಳೆಯ ಕ್ರಯಪತ್ರದ ಪ್ರತಿಯಲ್ಲಿ ಗಡಿಯನ್ನು ಮರಗಳಿಂದ ಹೇಳಿತ್ತು. ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಕೋಲು, ಅಲ್ಲಿಂದ ಬಂಡೆಗೆ, ಬಂಡೆಯಿಂದ ಹಳ್ಳದ ದಂಡೆ ಹಿಡಿದು ಮತ್ತೆ ಓಕ್ ಮರಕ್ಕೆ. ಅದಕ್ಕೂ ಮೊದಲು ಆ ನೆಲ ಯಾರದಾಗಿತ್ತೆಂಬ ಮಾತು ಅದರಲ್ಲಿರಲಿಲ್ಲ. ಮರ ಹೋದರೂ ಹಳ್ಳ ಹೋಗುತ್ತದೆಯೇ? ಪತ್ರದಲ್ಲಿ ಹೆಸರಿದ್ದ ಆ ಹಳ್ಳವನ್ನು ಉಪಗ್ರಹದ ಚಿತ್ರದಲ್ಲಿ ಹುಡುಕಿ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು, ಅದರ ತಿರುವಿಗೆ ಗಡಿಯ ಗೆರೆಗಳನ್ನು ಕೂಡಿಸಿದೆ. ಸರಿಯಾಗಿ ಕೂತಿತು. ಖುಷಿಯಿಂದ ಒಬ್ಬನೇ ಶಿಳ್ಳೆ ಹೊಡೆದೆ.

ಊಟ ಮುಗಿಸಿ ಬಂದು ನೋಡಿದರೆ ಹಳ್ಳದ ಆಚೆ, ಗಡಿಯ ಹೊರಗೆ, ಪೆನ್ಸಿಲಿನಲ್ಲಿ ಒಂದು ಪುಟ್ಟ ಚೌಕ. ನಾನು ಬರೆದ ನೆನಪೇ ಇಲ್ಲ. ಮರೆವು ಶುರುವಾಯಿತಪ್ಪಾ ಎಂದು ಬೈದುಕೊಂಡು ಅಳಿಸಿದೆ.

ಮರುದಿನ ಬೆಳಿಗ್ಗೆ ಹೊಸ ಹಾಳೆಯಲ್ಲಿ ಶಾಯಿಯಿಂದ ಶುದ್ಧಪ್ರತಿ ಮಾಡಿದೆ. ಪೆನ್ಸಿಲ್ ಮುಟ್ಟಲೇ ಇಲ್ಲ. ಬಾಗಿಲಿಗೆ ಯಾರೋ ಬಂದರೆಂದು ಎದ್ದು ಹೋಗಿ ಬಂದೆ. ಅದೇ ಜಾಗದಲ್ಲಿ ಅದೇ ಚೌಕ, ಪೆನ್ಸಿಲಿನಲ್ಲಿ. ಚೌಕ ಬರೆಯುವಾಗ ನನ್ನ ಕೊನೆಯ ಗೆರೆ ಮೂಲೆ ದಾಟಿ ಚೂರು ಮುಂದೆ ಹೋಗುತ್ತದೆ. ಅದು ನನ್ನ ಹಳೆಯ ಚಟ. ಇಲ್ಲೂ ಹೋಗಿತ್ತು. ಸರೋಜಳನ್ನು ಕೂಗಿದೆ.

"ನೀವೇ ಬರ್ದಿರೋದಲ್ವೇನ್ರೀ?"

"ಇಲ್ಲ ಕಣೇ, ದೇವರಾಣೆ."

ದೇವರಾಣೆ ಎಂಬ ಮಾತು ನನ್ನ ಬಾಯಲ್ಲಿ ಕೇಳಿ ಅವಳು ಬೆಚ್ಚಿದಳು. "ಹಾಗಾದ್ರೆ ಅಳಿಸ್ಬೇಡಿ. ಯಾಕೋ ಬಂದಿದೆ. ಇದ್ದ ಹಾಗೇ ಕಳಿಸಿ."

ಕಳಿಸಿ ಏನೆಂದು ಹೇಳಲಿ? ಪತ್ರದಲ್ಲಿಲ್ಲದ್ದು ತಾನಾಗಿ ಮೂಡಿತೆಂದೇ? ಬೀಗರು ನನ್ನನ್ನು ಅರಳುಮರುಳು ಎಂದುಕೊಳ್ಳುವುದಿಲ್ಲವೇ? ರಬ್ಬರ್ ತೆಗೆದುಕೊಂಡು ಉಜ್ಜಿದೆ. ನಕ್ಷೆಯ ಫೋಟೋ ತೆಗೆದು ಬೀಗರಿಗೆ ಆಗಲೇ ಕಳಿಸಿಬಿಟ್ಟೆ. "ಅಪ್ಪಾ, ಹೀ ಈಸ್ ಸೋ ಹ್ಯಾಪಿ!" ಎಂದು ಶ್ರುತಿ ಫೋನ್ ಮಾಡಿದಳು.

ಶಾಲೆಯ ರಜೆಯಲ್ಲಿ ಡ್ಯಾನ್ ತಂದೆಯ ಜೊತೆ ಅಲ್ಲಿಗೆ ಹೋದ. ಸಮಾಧಿ ಸಿಗಲಿಲ್ಲ. ಕೆಲವೇ ತಿಂಗಳಲ್ಲಿ ವಾಲ್ಟರ್ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿಸಿ ಬಂದ ಡ್ಯಾನ್‌ನನ್ನು ಕರೆತರಲು ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ವಾಪಸು ಬರುವಾಗ ಜಾಮ್. ಮುಂದಿದ್ದ ಮಟಾಟು ವ್ಯಾನಿನಲ್ಲಿ ಹಾಡು ಅಬ್ಬರಿಸುತ್ತಿತ್ತು. ಡ್ಯಾನ್ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಹಳ್ಳದ ಆಚೆಯ ರೈತ ಪೊದೆ ಕಡಿಸುವಾಗ ಒಂದು ಕಲ್ಲು ಸಿಕ್ಕಿತಂತೆ, ಅದರ ಮೇಲೆ ಹ್ಯಾನಾಳ ಹೆಸರು. ಹಳ್ಳ ಹಿಂದೆಂದೋ ಪಾತ್ರ ಬದಲಿಸಿತ್ತು. ಅವಳ ಕಾಲಕ್ಕೆ ಆ ಜಾಗ ಅವರ ಹೊಲದೊಳಗೇ ಇತ್ತು. ತಂದೆಯ ಬದಲು ತಾನೇ ಹೂವಿಟ್ಟು ಬಂದೆ ಎಂದ. ಕಲ್ಲಿದ್ದ ಜಾಗವನ್ನು ಮ್ಯಾಪಿನಲ್ಲಿ ನೋಡಿದೆ. ನಾನು ಉಜ್ಜಿದ ಜಾಗವೇ.

"ಹಳ್ಳ ದಾಟಿ ನೋಡೋಣ ಅಂತ ನಾನು ಅವತ್ತೇ ಹೇಳಿದೆ, ಮಾವ" ಎಂದ ಡ್ಯಾನ್, ಇಂಗ್ಲಿಷಿನಲ್ಲಿ. "ಅಪ್ಪ ಕೇಳಲಿಲ್ಲ. 'ಬೀಗನ ಗೆರೆ ಇಲ್ಲಿಗೇ ನಿಲ್ಲುತ್ತದೆ, ಅವನು ತಪ್ಪುವವನಲ್ಲ' ಅಂದರು."

ಆ ಚೌಕದ ಮಾತನ್ನು ಅವನಿಗೆ ಇವತ್ತಿಗೂ ಹೇಳಿಲ್ಲ. ಸರೋಜಳಿಗೆ ಗೊತ್ತು; ಅವಳೂ ಆಡುವುದಿಲ್ಲ. ಆ ಹಾಳೆ ನನ್ನ ಮೇಜಿನ ಖಾನೆಯಲ್ಲೇ ಇದೆ. ಬೆಳಕಿಗೆ ಹಿಡಿದರೆ ಉಜ್ಜಿದ ಕಡೆ ಕಾಗದ ತೆಳ್ಳಗೆ ಕಾಣುತ್ತದೆ. ಆ ಚೌಕವನ್ನು ಅಲ್ಲಿ ಬರೆದವರು ಯಾರೆಂದು ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ಅಳಿಸಿದವನು ಮಾತ್ರ ನಾನೇ.