ಬೀಗರೇ, ಮೊದಲು ನೀವು ಹೊಡೆಯಿರಿ

ಕಲ್ಯಾಣ ಮಂಟಪದ ವೇದಿಕೆಯ ಮೇಲೆ, ವರನ ಕುರ್ಚಿಯಲ್ಲಿ ನನ್ನ ಗಂಡ ಚಡ್ಡಿ ಹಾಕಿಕೊಂಡು ಕೂತಿದ್ದರು. ಎಡಗಣ್ಣು ಊದಿಕೊಂಡಿತ್ತು. ನಾನು ಪಕ್ಕದಲ್ಲಿ ನಿಂತು ಬಾಟಲಿಯಿಂದ ನೀರು ಕುಡಿಸುತ್ತಿದ್ದೆ.

ಗಾಬರಿಯಾಗಬೇಡಿ. ಮದುವೆ ಅವರದಲ್ಲ.

ನಮ್ಮ ಯಜಮಾನರು ಹರೆಯದಲ್ಲಿ ಬಾಕ್ಸಿಂಗ್ ಆಡಿದವರು. ಈಗ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಕಿಟಕಿ ಗ್ರಿಲ್ ಮಾಡುತ್ತಾರೆ. ಐವತ್ತು ದಾಟಿ ಯಾವ ಕಾಲವಾಯಿತೋ. ಮೊಣಕಾಲು ಮಾತು ಕೇಳುವುದಿಲ್ಲ, ಹೊಟ್ಟೆ ಅವರಿಗಿಂತ ಮುಂಚೆ ಬಾಗಿಲು ದಾಟುತ್ತದೆ. ಆದರೂ ಬೆಳಿಗ್ಗೆ ನಾನು ಪೂಜೆಯ ಗಂಟೆ ಬಾರಿಸಿದರೆ ಸಾಕು, ರೌಂಡ್ ಶುರುವಾಯಿತೆಂದು ಹಿತ್ತಲಲ್ಲಿ ಗಾಳಿಗೆ ಗುದ್ದುತ್ತಾರೆ. (ನಮ್ಮ ಮನೆದೇವರು ಹುಲಿಗೆಮ್ಮ ತಾಯಿ ಇದನ್ನೆಲ್ಲ ಹೇಗೆ ಸಹಿಸಿಕೊಂಡಿದ್ದಾಳೋ!)

ಹೀಗಿರುವಾಗ ಗಂಗಾವತಿಯಲ್ಲಿ ಹಳೆಯ ಬಾಕ್ಸರ್‌ಗಳ ಪಂದ್ಯ ಅಂತ ಸುದ್ದಿ ಬಂತು. ಆಷಾಢದಲ್ಲಿ ಮದುವೆ ಯಾರು ಮಾಡುತ್ತಾರೆ? ಮಂಟಪ ಖಾಲಿ ಬಿದ್ದಿತ್ತು. ವೇದಿಕೆಗೆ ನಾಲ್ಕು ಕಂಬ ನೆಟ್ಟು ಹಗ್ಗ ಬಿಗಿದರೆ ರಿಂಗ್ ರೆಡಿ. ಹಿಂದಿನ ಪ್ಲಾಸ್ಟಿಕ್ ಹೂವಿನ ಡೆಕೋರೇಶನ್ ಹಾಗೇ ಇತ್ತು. ಸುಸ್ತಾದವರು ಕೂರಲು ಆ ಮೂಲೆಗೆ ವಧುವಿನ ಕುರ್ಚಿ, ಈ ಮೂಲೆಗೆ ವರನ ಕುರ್ಚಿ.

ನನಗೆ ಸುತಾರಾಂ ಇಷ್ಟವಿರಲಿಲ್ಲ. ಕಾರಣ ನಮ್ಮ ಮಗಳು ಸುಮಾ. ಹಿಂದೆ ಅವಳಿಗೆ ಕೂಡಿಬಂದ ಒಂದು ಸಂಬಂಧ ಈ ಬಾಕ್ಸಿಂಗ್‌ನಿಂದಲೇ ಮುರಿದಿತ್ತು. "ಹುಡುಗಿ ಅಪ್ಪ ಹೊಡದಾಡೂ ಮನಶಾನಂತ, ಬ್ಯಾಡ್ರಿ" ಅಂದುಬಿಟ್ಟಿದ್ದರು. ಈಗ ಕುಷ್ಟಗಿಯ ಒಂದು ಮನೆತನದ ಜೊತೆ ಮಾತುಕತೆ ಮುಗಿಯುತ್ತ ಬಂದಿತ್ತು. ಶ್ರಾವಣದಲ್ಲಿ ನಿಶ್ಚಯ. ಹುಡುಗನ ಫೋನ್ ಬಂದರೆ ಸುಮಾ ಹಿತ್ತಲಿಗೆ ಓಡುವಷ್ಟು ವಿಷಯ ಮುಂದುವರಿದಿತ್ತು. ಅವರು ಹೆಣ್ಣು ನೋಡಲು ಬಂದ ದಿನ ಯಜಮಾನರು ಬಾಕ್ಸಿಂಗ್‌ನಲ್ಲಿ ಗೆದ್ದ ಕಪ್ಪುಗಳನ್ನೆಲ್ಲ ನಾನೇ ಜೋಳದ ಚೀಲದಲ್ಲಿ ಹೂತಿಟ್ಟಿದ್ದೆ. ಹುಡುಗನ ತಂದೆಯೋ, ಬಿಳಿ ಧೋತರ, ಹಣೆ ತುಂಬ ವಿಭೂತಿ. ಎರಡು ಮಾತಾಡಿದರೆ ಹೆಚ್ಚು. ಅಂಥ ಸಾಧು ಮನುಷ್ಯರಿಗೆ ಈ ಗುದ್ದಾಟ ಗೊತ್ತಾದರೆ ಗತಿ ಏನು?

"ಯಾರಿಗೂ ಗೊತ್ತಾಗಂಗಿಲ್ಲ ಬಿಡ," ಅಂದರು ಯಜಮಾನರು. "ತಲಿಗೆ ಹೆಡ್‌ಗಾರ್ಡ್ ಹಾಕ್ಕೊಂಡಿರ್ತೀನಿ."

"ಹೊಟ್ಟಿಗೇನ್ ಹಾಕ್ಕೋತೀರಿ?" ಅಂದೆ.

ಹೋದೆವು. ಹೋಗದೆ ಬಿಟ್ಟಾರೆಯೇ?

ಮೊದಲ ಎದುರಾಳಿ ಯಲಬುರ್ಗಾದ ಕುರಿ ವ್ಯಾಪಾರಿ. ತೋಳು ನೋಡಿಯೇ ನಾನು ತಾಯಿಗೆ ಹರಕೆ ಹೊತ್ತೆ. ಪುಣ್ಯಕ್ಕೆ ಆತ ಜೋರಾಗಿ ಕೈ ಬೀಸಿದ್ದೇ ತಡ, ಸೊಂಟ ಹಿಡಿದುಕೊಂಡಿತು. ನಮ್ಮವರು ಗೆದ್ದರು. ಗೆದ್ದ ಮೇಲೆ ಆತನ ಸೊಂಟಕ್ಕೆ ಮುಲಾಮು ಹಚ್ಚಿದವರೂ ನಮ್ಮವರೇ.

ಎರಡನೆಯವರು ಗಂಗಾವತಿಯ ರೈಸ್‌ಮಿಲ್ಲಿನ ಮಹಬೂಬಣ್ಣ. ಕನ್ನಡಕ ತೆಗೆದರೆ ಅವರಿಗೆ ಏನೂ ಕಾಣುವುದಿಲ್ಲ. ಎಲ್ಲರಿಗಿಂತ ಅಪಾಯದ ಮನುಷ್ಯ ಇವರೇ ನೋಡಿ. ಗುದ್ದು ಎಲ್ಲಿ ಬೀಳುತ್ತದೆಂದು ಗುದ್ದುವವರಿಗೇ ಗೊತ್ತಿಲ್ಲ! ರೆಫ್ರಿ ಎರಡು ಸಲ ತಪ್ಪಿಸಿಕೊಂಡ.

"ಎಲ್ಲಿ ಅದೀರಿ ಅಣ್ಣಾ?" ಅಂದರು ಮಹಬೂಬಣ್ಣ.

"ಇಲ್ಲೇ ಅದೀನ್ರಿ," ಅಂದರು ನಮ್ಮವರು. ಕರೆದರೆ ಓಗೊಡಬೇಕಲ್ಲ, ಮರ್ಯಾದಸ್ಥರು.

ಕಣ್ಣು ಊದಿದ್ದು ಆಗಲೇ. ಆಮೇಲೆ ಬಾಯಿ ಮುಚ್ಚಿಕೊಂಡು ಆಡಿ ಪಾಯಿಂಟ್ ಮೇಲೆ ಗೆದ್ದರು. (ಊದಿದ್ದು ಒಂದೇ ಕಣ್ಣು. ತಾಯಿ ದೊಡ್ಡವಳು.)

ಕೊನೆಯವರನ್ನು ಮೈಕಿನಲ್ಲಿ 'ಕುಷ್ಟಗಿ ಹುಲಿ' ಅಂತಷ್ಟೇ ಕೂಗಿದರು. ನಾನು ಕಣ್ಣು ಮುಚ್ಚಿ ಕೈಮುಗಿದೆ. ತೆರೆದು ನೋಡುತ್ತೇನೆ, ವಧುವಿನ ಕುರ್ಚಿಯಲ್ಲಿ ಕೂತ ಹುಲಿಗೆ ಹೆಂಗಸೊಬ್ಬರು ನೀರು ಕುಡಿಸುತ್ತಿದ್ದಾರೆ. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರೂ ಒಟ್ಟಿಗೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆವು.

ನಮ್ಮ ಬೀಗತಿ!

ಅಂದಮೇಲೆ ಹುಲಿ ಯಾರೆಂದು ಹೇಳಬೇಕೆ? ಹೋಯಿತು, ಈ ಸಂಬಂಧವೂ ಹೋಯಿತು.

ರಿಂಗಿನ ನಡುವೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತರು. ನಮ್ಮವರು ಒಳ್ಳೆಯ ಕಣ್ಣಿನಿಂದ ದಿಟ್ಟಿಸಿ ನೋಡಿ, ಗ್ಲೌಸ್ ಜೋಡಿಸಿ ಕೈಮುಗಿದರು.

"ಅಯ್ಯ, ಬೀಗ್ರ! ಯಾವಾಗ ಬಂದ್ರಿ?"

"ಈಗ ಬಂದ್ವಿರಿ. ಮನ್ಯಾಗ ಎಲ್ಲಾರೂ ಆರಾಮ?"

"ಬಾಕ್ಸ್!" ಅಂತ ರೆಫ್ರಿ ಕೂಗಿದ.

"ಹೊಡೀರಿ ಬೀಗ್ರ," ಅಂದರು ನಮ್ಮವರು.

"ಛೆ ಛೆ, ಮೊದ್ಲ ನೀವ ಹೊಡೀರಿ."

"ಹೆಣ್ಣು ಕೊಡಾವ್ರು ನಾವು. ನಾವು ಕೈ ಎತ್ತಿದ್ರ ಚಂದ ಕಾಣಂಗಿಲ್ರಿ."

"ಹೆಣ್ಣು ತಗೊಳ್ಳಾವ್ರು ಎತ್ತಿದ್ರ ಚಂದ ಕಾಣತೈತೇನ್ರಿ?"

ಕೂತ ಮಂದಿ ಶಿಳ್ಳೆ ಹೊಡೆದರು. ಹಿಂದಿನಿಂದ ಒಬ್ಬ ಕೂಗಿದ: "ಹೊಡದಾಡ್ರಿ, ಇಲ್ಲಾ ಎಲಿ-ಅಡಿಕಿ ಬದಲಾಯಿಸಿ ಇಳೀರಿ!"

ಇನ್ನೊಮ್ಮೆ ಹೀಗಾದರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆಂದು ರೆಫ್ರಿ ಬೆರಳು ತೋರಿಸಿದ. ಬೀಗರಿಗೆ ಇರಿಸುಮುರಿಸು. ಏನಾದರೂ ಮಾತಾಡಬೇಕಲ್ಲ ಅಂತ ಅಂದರು: "ಅಂದಂಗ, ಮದುವಿ ನಮ್ಮ ಊರಾಗ ಇಟ್ಕೊಳ್ಳೂಣ್ರಿ."

"ಅದ್ಹೆಂಗ ಆಗತೈತ್ರಿ? ಹಂದರ ನಮ್ಮ ಮನಿ ಮುಂದ ಬೀಳಬೇಕು."

"ನಮ್ಮ ಮನೆತನದಾಗ ಗಂಡಿನ ಮನಿ ಮುಂದನ ಅಕ್ಕಿಕಾಳು ಬೀಳೂದ್ರಿ."

"ನಿಮಗ್ಯಾಕ ತ್ರಾಸು?" ಡಬ್!

"ನಮಗೇನ್ ತ್ರಾಸಿಲ್ರಿ!" ಡಬ್ ಡಬ್!

ಮೊದಲು ಯಾರ ಕೈ ಎದ್ದಿತೆಂದು ಇವತ್ತಿಗೂ ಜಗಳವಿದೆ. ಆದರೆ ಒಂದು ಮಾತು ಹೇಳುತ್ತೇನೆ: ಒಂದೊಂದು ಗುದ್ದಿಗೂ 'ರೀ' ಇತ್ತು. ಮರ್ಯಾದೆ ಬಿಡಲಿಲ್ಲ.

ಅಷ್ಟರಲ್ಲಿ ಬೀಗತಿ ವೇದಿಕೆಯ ಹಿಂದಿನಿಂದ ಸುತ್ತಿಕೊಂಡು ನನ್ನ ಹತ್ತಿರ ಬಂದರು. ಕಣ್ಣಲ್ಲಿ ನೀರು.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಇವ್ರಿಗೆ ಇದರ ಹುಚ್ಚು ಐತಿ ಅಂತ ನಾವು ಹೇಳಿರ್ಲಿಲ್ಲ. ಹಿಂದ ಒಂದ ಹೆಣ್ಣಿನ ಕಡಿಯಾವ್ರು ಇದಕ್ಕ ಒಲ್ಲೆ ಅಂದಿದ್ರು. ಹುಡುಗ ಭಾಳ ಮನಸ ಮಾಡ್ಯಾನ. ಮುರೀಬ್ಯಾಡ್ರಿ."

ನಾನು ಅವರ ಕೈ ಹಿಡಿದುಕೊಂಡೆ. "ಕಪ್ಪು ಎಲ್ಲಿ ಮುಚ್ಚಿಟ್ಟಿರಿ?"

"ಜ್ವಾಳದ ಚೀಲದಾಗ."

"ನಾನೂ ಅಲ್ಲೇ."

ಇಬ್ಬರೂ ನಗುತ್ತ ನೆಲಕ್ಕೆ ಕೂತೆವು. ಮೇಲೆ ನಮ್ಮ ಗಂಡಂದಿರು ನಮ್ಮ ಮಕ್ಕಳ ಹಂದರಕ್ಕಾಗಿ ಗುದ್ದಾಡುತ್ತಿದ್ದರು. ಕಳ್ಳತನವಲ್ಲ, ಕುಡಿತವಲ್ಲ. ಇಷ್ಟು ದಿನ ಇಬ್ಬರೂ ಮುಚ್ಚಿಟ್ಟಿದ್ದೇನು? ಎರಡು ಚೀಲ ಕಪ್ಪು!

ಕೊನೆಗೆ ದಮ್ಮು ಹತ್ತಿ ಒಬ್ಬರು ವಧುವಿನ ಕುರ್ಚಿಗೆ, ಒಬ್ಬರು ವರನ ಕುರ್ಚಿಗೆ ಕುಸಿದರು. ರೆಫ್ರಿ ಇಬ್ಬರ ಕೈಯನ್ನೂ ಎತ್ತಿ ಡ್ರಾ ಅಂದ. "ಮದುವಿನೂ ಡ್ರಾ. ಕೊಪ್ಪಳನೂ ಬ್ಯಾಡ, ಕುಷ್ಟಗಿನೂ ಬ್ಯಾಡ. ಇಲ್ಲೇ ಮಾಡ್ರಿ. ಹಗ್ಗ ನಾವ ಬಿಚ್ಚತೀವಿ." ಒಲ್ಲೆ ಅನ್ನಲು ಇಬ್ಬರಿಗೂ ಉಸಿರಿರಲಿಲ್ಲ. ತಲೆಯಾಡಿಸಿದರು. ಸುಮಾಳ ಮದುವೆ ಗಟ್ಟಿಯಾದದ್ದು ಹೀಗೆ.

ಈಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ಕೇಳುತ್ತಾರೆ: "ಬೀಗರ ಕೂಡ ಹೊಡದಾಡ್ಯಾರಂತಲ್ರಿ, ಖರೇನೇನ್ರಿ?" ಖರೇ. ಸಾರಿಗೆ ಉಪ್ಪಿಲ್ಲ ಅಂತ, ಮೊದಲ ಪಂಕ್ತಿಗೆ ಕೂರಿಸಲಿಲ್ಲ ಅಂತ, ಸೀರೆ ಅಂಚು ಸಣ್ಣದಾಯಿತು ಅಂತ ಬೀಗರು ಹೊಡೆದಾಡದ ಮದುವೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ನಮ್ಮವರು ಗ್ಲೌಸ್ ಆದರೂ ಹಾಕಿಕೊಂಡಿದ್ದರು.