ಟ್ರಂಕ್ ಲೈನಿನ ಚೇಚ್ಚಿ, ಗುರುವಾರದ ನಾಟಕ

ಮೊಮ್ಮಗಳ ಲ್ಯಾಪ್‌ಟಾಪ್ ತುಂಬ ಹೊತ್ತು ನಡೆದರೆ ಒಳಗಿನ ಧೂಳು ಕಾದು ಒಂದು ವಾಸನೆ ಬರುತ್ತದೆ. ರಜೆಯ ದಿನ ಅವಳು ಎರ್ನಾಕುಳದ ಹೊರವಲಯದ ನಮ್ಮ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಬೆಳಗಿನಿಂದ ಅದರೆದುರು ಕೂತು ಯಾವುದೋ ಇಂಗ್ಲಿಷ್ ಹಾಸ್ಯದ ಸೀರಿಯಲ್ ನೋಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. ಮೊನ್ನೆ ಏನು ನೋಡುತ್ತೀ ಎಂದು ಕೇಳಿದೆ. ಇಷ್ಟು ಒಳ್ಳೆಯ ಸೀರಿಯಲ್ ಇನ್ನೊಂದಿಲ್ಲ, ಆದರೆ ಯಾರೂ ನೋಡಲಿಲ್ಲ, ಎರಡೇ ವರ್ಷಕ್ಕೆ ನಿಲ್ಲಿಸಿಬಿಟ್ಟರು ಎಂದಳು. ಹೇಳುವಾಗ ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಆ ಕಾದ ಧೂಳಿನ ವಾಸನೆ, ಮೇಲಿಂದ ಈ ಸಿಟ್ಟು... ನನಗೆ ಚೇಚ್ಚಿಯ ನೆನಪಾಯಿತು. ಅವರ ವಾಲ್ವ್ ರೇಡಿಯೋ ಬಿಸಿಯಾಗುವಾಗ ಇದೇ ವಾಸನೆ ಬರುತ್ತಿತ್ತು.

ಕೇರಳ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ನಮ್ಮ ಕಾಸರಗೋಡು ಮದರಾಸಿಗೆ ಸೇರಿತ್ತು. ಹುಡುಗಿಯೊಬ್ಬಳಿಗೆ ಸರಕಾರಿ ಕೆಲಸ ಸಿಕ್ಕರೆ ಮಂಗಳೂರಿಗೋ ಪುತ್ತೂರಿಗೋ ಹೋಗಬಹುದು ಎಂದು ನಮ್ಮ ಲೆಕ್ಕ. ನನಗೆ ಸಿಕ್ಕಿದ್ದು ಎರ್ನಾಕುಳದ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡಿ ಬೆಳೆದವಳು ನಾನು. ಬಸ್ಸಿನಲ್ಲಿ ಅಂಗಡಿಯಲ್ಲಿ ಕೇಳಿ ಕಲಿತ ನಮ್ಮ ಕಡೆಯ ಮಲಯಾಳವನ್ನು ಎರ್ನಾಕುಳದಲ್ಲಿ ಆಡಿದರೆ ಪಕ್ಕದ ಮೇಜಿನವರು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಗಲಿ, ಅದಕ್ಕೇನು. ಆದರೆ ಕೆಲಸ ಕಾಯಂ ಆಗಬೇಕಾದರೆ ಮಲಯಾಳದ ಪರೀಕ್ಷೆ ಪಾಸಾಗಬೇಕಿತ್ತು. ಅವಕಾಶ ಮೂರೇ ಸಲ. ನಾನು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. ಬರವಣಿಗೆ ಹೇಗೋ ದಾಟುತ್ತಿತ್ತು. ತಿರುವನಂತಪುರಕ್ಕೆ ಹೋಗಿ ಮೂರು ಜನರ ಎದುರು ಕೂತು ಮಾತಾಡಬೇಕಾದಾಗ ನಾಲಿಗೆ ಕಟ್ಟಿಹೋಗುತ್ತಿತ್ತು.

ಅಪ್ಪ ಒಳ್ಳೆಯವರೇ. ಅವರ ಕಾಗದವೆಂದರೆ ಮಾತ್ರ ನನಗೆ ಭಯ. "ಈ ಸಲ ಆಗದಿದ್ದರೆ ಬೇಸರ ಮಾಡಬೇಡ, ಬಂದುಬಿಡು. ಒಂದು ಸಂಬಂಧ ಉಂಟು, ನೋಡುವ" ಎಂದು ಬರೆದಿದ್ದರು. ಆ "ನೋಡುವ" ಎಂದರೆ ನೋಡಿ ಆಗಿದೆ ಎಂದೇ ಅರ್ಥ. ನನಗೆ ಹೋಗಲು ಮನಸ್ಸಿರಲಿಲ್ಲ. ನನ್ನ ಸಂಬಳ, ನನ್ನ ಕೊಡೆ, ಸಂಜೆ ಆರಕ್ಕೆ ಕಾಯಲಿನ, ಅಂದರೆ ಹಿನ್ನೀರಿನ, ದಂಡೆಯಲ್ಲಿ ಒಬ್ಬಳೇ ನಡೆದು ಬರುವುದು, ಇವು ನನಗೆ ಬಹಳ ಇಷ್ಟವಾಗಿದ್ದವು. ಇಷ್ಟವಾಯಿತು ಎಂದು ಅಪ್ಪನಿಗೆ ಬರೆಯುವ ಧೈರ್ಯವೂ ಇರಲಿಲ್ಲ.

ನಾನಿದ್ದದ್ದು ಚೇಚ್ಚಿಯ ಮನೆಯ ಹಿಂದಿನ ಕೋಣೆಯಲ್ಲಿ. ಚೇಚ್ಚಿ ಎಂದರೆ ಅಕ್ಕ. ಹೆಸರು ಹಿಡಿದು ಕರೆಯುವ ಹೆಂಗಸು ಅವರಲ್ಲ, ನಾನು ಕರೆದದ್ದೂ ಇಲ್ಲ. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ಎಂಟು ಗಂಟೆ ಆಲಪ್ಪುಳ, ಕೊಲ್ಲಂ, ತಿರುವನಂತಪುರ ಎಂದು ಊರುಗಳನ್ನು ತಂತಿಯಿಂದ ಪೋಣಿಸುವ ಕೆಲಸ. ಅಲ್ಲಿ ನಗುವಂತಿಲ್ಲ, ಕೆಮ್ಮುವಂತಿಲ್ಲ. ನಿಯಮದಲ್ಲಿ ಬರೆದ ನಾಲ್ಕೈದು ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಹಿಂದೆ ಸೂಪರ್‌ವೈಸರ್ ಓಡಾಡುತ್ತಿರುತ್ತಾಳೆ. ಅದಕ್ಕೇ ಇರಬೇಕು, ಮನೆಗೆ ಬಂದ ಚೇಚ್ಚಿ ನಗುವುದಕ್ಕೆ ಕಾರಣ ಹುಡುಕುತ್ತಿದ್ದರು.

ಅವರಿಗೆ ಸಿಕ್ಕ ಕಾರಣವೆಂದರೆ ಗುರುವಾರ ಸಂಜೆ ತಿರುವನಂತಪುರ ರೇಡಿಯೋದಲ್ಲಿ ಬರುತ್ತಿದ್ದ ಕಾಲು ಗಂಟೆಯ ನಾಟಕ. ಪ್ರತಿ ವಾರ ಅದೇ ಮನೆ, ಅದೇ ಜನ. ಒಬ್ಬ ಅತ್ತೆ, ಗುಮಾಸ್ತನಾದ ಅಳಿಯ, ನಡುವೆ ಮಗಳು. ಅಳಿಯ ಹೊಸ ಕೊಡೆ ತಂದರೆ, ಒದ್ದೆಯಾಗಿ ಹಾಳಾಗುತ್ತದೆ ಎಂದು ಮಳೆಯಲ್ಲಿ ಅದನ್ನು ಒಯ್ಯಲು ಬಿಡದ ಅತ್ತೆ. ಇನ್ನೊಂದು ವಾರ ಪಕ್ಕದ ಮನೆಯ ತೆಂಗಿನಕಾಯಿ ಇವರ ಅಂಗಳಕ್ಕೆ ಬೀಳುತ್ತದೆ. ಅವರು ಬಂದು ಕೇಳಲಿ, ದೊಡ್ಡ ಮನಸ್ಸಿನಿಂದ ಕೊಟ್ಟುಬಿಡೋಣ ಎಂದು ಅತ್ತೆ ಅದನ್ನು ಮುಟ್ಟದೆ ಕಾಯುತ್ತಾಳೆ. ಅವರು ಬರುವುದಿಲ್ಲ. ಹನ್ನೊಂದನೆಯ ದಿನ ಇವಳೇ ಅವರ ಮನೆಗೆ ಹೋಗಿ, ನೀವು ಯಾಕೆ ಕೇಳಲಿಲ್ಲ ಎಂದು ಜಗಳವಾಡುತ್ತಾಳೆ. ಇಷ್ಟೇ ಕತೆ. ಯಾರೂ ನಗಿಸಲು ಮಾತಾಡುತ್ತಿರಲಿಲ್ಲ. ಹಾಡಿರಲಿಲ್ಲ, ಅಳುವಿರಲಿಲ್ಲ.

ಅದಕ್ಕೇ ಅದನ್ನು ಯಾರೂ ಕೇಳುತ್ತಿರಲಿಲ್ಲ. ಅದೇ ಹೊತ್ತಿಗೆ ಬೇರೆ ಸ್ಟೇಷನ್ನಿನಲ್ಲಿ ಸಿನಿಮಾ ಹಾಡು ಬರುತ್ತಿತ್ತು. ಪಕ್ಕದ ಮನೆಯವರನ್ನು ಚೇಚ್ಚಿ ಒಂದು ಸಲ ಒತ್ತಾಯದಿಂದ ಕೂರಿಸಿದರು. ನಾಟಕ ಮುಗಿದ ಮೇಲೆ ಅವರು, ಇನ್ನು ನಾಟಕ ಶುರುವಾಗುತ್ತದಾ ಎಂದು ಕೇಳಿದರಂತೆ. ಚೇಚ್ಚಿ ಆ ವಾರವೆಲ್ಲ ಅವರ ಜತೆ ಮಾತು ಬಿಟ್ಟರು. ಭಾನುವಾರದ ರಜೆ ಬೇರೆಯವರಿಗೆ ಕೊಟ್ಟು ಗುರುವಾರ ಸಂಜೆಯ ಪಾಳಿ ತಪ್ಪಿಸಿಕೊಳ್ಳುತ್ತಿದ್ದರು. ಎರಡು ಕಾಲ್‌ಗಳ ನಡುವೆ ಸೂಪರ್‌ವೈಸರ್ ಅತ್ತ ತಿರುಗಿದಾಗ, ಗುರುವಾರ ರೇಡಿಯೋ ಹಾಕಿ ಎಂದು ಬೇರೆ ಊರಿನ ಆಪರೇಟರುಗಳಿಗೆ ಪಿಸುಗುಟ್ಟುತ್ತಿದ್ದರು. ಹಾಗೆ ಬಲೆಗೆ ಬಿದ್ದವಳು ತಿರುವನಂತಪುರದ ಒಬ್ಬಳೇ ಆಪರೇಟರ್. ಅವಳ ಮುಖ ಚೇಚ್ಚಿ ನೋಡಿರಲಿಲ್ಲ, ದನಿ ಮಾತ್ರ ಗೊತ್ತು.

ಎರಡನೆಯ ಸಲ ಫೇಲಾದ ಸುದ್ದಿ ಬಂದ ದಿನ ನಾನು ಊಟ ಬಿಟ್ಟು ಮಲಗಿದ್ದೆ. ಚೇಚ್ಚಿ ಬಾಗಿಲಲ್ಲಿ ನಿಂತು, ಪುಸ್ತಕ ಮುಚ್ಚಿಡು, ಈ ಗುರುವಾರದಿಂದ ರೇಡಿಯೋ ಮುಂದೆ ಕೂರು ಎಂದರು. ಮರುದಿನ ಬೆಳಿಗ್ಗೆ ನಾಟಕದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ನಾನು ಮಲಯಾಳದಲ್ಲಿ ಹೇಳಬೇಕು, ಹೇಳಿದರೆ ಚಹಾ. ಮೊದಲ ಶುಕ್ರವಾರ ನಾನು ಚಹಾ ಇಲ್ಲದೆ ಕಚೇರಿಗೆ ಹೋದೆ. ಎರಡನೆಯ ಶುಕ್ರವಾರವೂ ಹೋದೆ. ಮೂರನೆಯ ವಾರ ಅತ್ತೆ ಮತ್ತು ಅಳಿಯ ಜಗಳವಾಡಿದ್ದನ್ನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಚೇಚ್ಚಿ ಗ್ಲಾಸು ಕೈಯಲ್ಲಿ ಹಿಡಿದು ಕೊಡುವುದನ್ನೇ ಮರೆತು ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಲಯಾಳ ಕೇಳಿ ಎದುರಿನವರು ನಕ್ಕಾಗ ನನಗೆ ಖುಷಿಯಾದದ್ದು ಅದೇ ಮೊದಲು. ಅಂದಿನಿಂದ ನಾಲಿಗೆ ಸಡಿಲವಾಯಿತು. ಹಾಲಿನವನ ಜತೆ, ಕಚೇರಿಯ ಜವಾನನ ಜತೆ, ಎಲ್ಲರ ಜತೆ ಬಾಯಿ ಜೋರು ಮಾಡಿದೆ. ಆದರೆ ನಾನು ಆಡುತ್ತಿದ್ದುದು ಆ ಅತ್ತೆಯ ಮಾತು, ಅವಳ ರಾಗ, ಅವಳ ಗೊಣಗಾಟ. ಅದು ನನಗೂ ತಿಳಿದಿರಲಿಲ್ಲ, ಚೇಚ್ಚಿಗೂ ಹೊಳೆದಿರಲಿಲ್ಲ.

ಮೂರನೆಯ ಪರೀಕ್ಷೆಗೆ ಹಿಂದಿನ ದಿನವೇ ಬಸ್ಸಿನಲ್ಲಿ ತಿರುವನಂತಪುರಕ್ಕೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆ. ಮರುದಿನ ಮೂವರು ಪರೀಕ್ಷಕರ ಎದುರು ಕೂತಾಗ ಸೆರಗಿನ ತುದಿ ನನ್ನ ಬೆವರಿಗೆ ಒದ್ದೆಯಾಗಿತ್ತು. ನಡುವೆ ಕೂತವರು ಬಿಳಿಗೂದಲಿನ ಹಿರಿಯರು. ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದಂತಿದ್ದರು. ಒಂದು ಅರ್ಜಿ ಕೊಟ್ಟು ಓದಿಸಿದರು. ಪಕ್ಕದವರ ಹಲಸಿನ ಕೊಂಬೆ ನಮ್ಮ ಮಾಡಿನ ಮೇಲೆ ಬಾಗಿದೆ, ಕಡಿಸಿಕೊಡಬೇಕು ಎಂದು ಯಾರೋ ಸರಕಾರಕ್ಕೆ ಬರೆದದ್ದು. ತಡವರಿಸಿ ಓದಿದೆ. ಇದರಲ್ಲಿ ಏನಿದೆ, ನಿಮ್ಮ ಮಾತಿನಲ್ಲಿ ಹೇಳಿ ಎಂದರು.

ನಿಮ್ಮ ಮಾತಿನಲ್ಲಿ ಎಂದದ್ದೇ ತಪ್ಪಾಯಿತು. ಪಕ್ಕದ ಮನೆ, ಮರ, ಜಗಳ... ನನಗೆ ಎದುರಿನವರು ಕಾಣಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ನಿಂತ ಹಾಗಾಯಿತು. ಒಂದು ನಿಟ್ಟುಸಿರು ಬಿಟ್ಟು ಶುರುಮಾಡಿದೆ, "ಮೋನೇ, ಹೇಳಿದರೆ ನಂಬುತ್ತೀಯಾ, ಆ ಮನೆಯವರಿಗೆ ಕಣ್ಣಿಲ್ಲವಾ?"

ಮೋನೇ ಎಂದರೆ ಮಗನೇ. ಅತ್ತೆ ಅಳಿಯನನ್ನು ಕರೆಯುತ್ತಿದ್ದದ್ದು ಹಾಗೆ. ಇಪ್ಪತ್ತೊಂದು ವರ್ಷದ ಹುಡುಗಿ ಬಿಳಿಗೂದಲಿನ ಪರೀಕ್ಷಕರನ್ನು ಮಗನೇ ಎಂದು ಕರೆದುಬಿಟ್ಟಿದ್ದೆ. ಎಡಗಡೆಯವರು ಪೆನ್ನು ಕೆಳಗಿಟ್ಟರು. ಬಲಗಡೆಯವರು ಕಿಟಕಿಯ ಕಡೆ ನೋಡಿದರು. ಕೆಲಸ ಹೋಯಿತು, ಕಾಸರಗೋಡಿಗೆ ಗಂಟುಮೂಟೆ ಕಟ್ಟುವುದೇ ಸರಿ ಎಂದು ನಾನು ಮೇಜಿನ ಮೇಲಿನ ಅರ್ಜಿಯನ್ನೇ ನೋಡುತ್ತ ಕೂತೆ.

ಆಗ ನಡುವೆ ಕೂತ ಹಿರಿಯರು ಕನ್ನಡಕ ತೆಗೆದು, ತಲೆ ಸ್ವಲ್ಪ ಬಗ್ಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದ ಅಳಿಯನ ದನಿಯಲ್ಲಿ ಮೆಲ್ಲಗೆ ಅಂದರು, "ಎಂತಾ ಅಮ್ಮೇ?"

ಏನಮ್ಮಾ ಎಂದು. ನಾಟಕದಲ್ಲಿ ಆ ಅಳಿಯ ಪ್ರತಿ ವಾರ ಹೇಳುತ್ತಿದ್ದ ರೀತಿಯಲ್ಲೇ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಉಳಿದಿಬ್ಬರಿಗೆ ಏನು ನಡೆಯಿತೆಂದೇ ತಿಳಿಯಲಿಲ್ಲ. ಹೇಳಿ, ಮುಂದೆ ಹೇಳಿ ಎಂದು ಹಿರಿಯರು ಕೈ ಮಾಡಿದರು. ಹಲಸಿನ ಕೊಂಬೆ ಬಾಗಿದ್ದರಿಂದ ಹಿಡಿದು ಮಾಡಿನ ಹಂಚು ಒಡೆದದ್ದರವರೆಗೆ, ಅರ್ಜಿಯಲ್ಲಿದ್ದದ್ದು ಒಂದೂ ಬಿಡದೆ ಹೇಳಿದೆ. ಅರ್ಥವಾಗಿರುವುದರಲ್ಲಿ ಸಂಶಯವಿಲ್ಲ, ಮಾತಿಗೆ ವಯಸ್ಸು ಸ್ವಲ್ಪ ಹೆಚ್ಚಾಯಿತು ಅಷ್ಟೇ ಎಂದು ಅವರು ಉಳಿದಿಬ್ಬರಿಗೆ ಹೇಳಿದರು. ಆಮೇಲೆ ನನ್ನನ್ನು, ಇದರಲ್ಲಿ ಪಾಸಾಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಊರಿಗೆ ಹೋಗಬೇಕು, ಅಪ್ಪ ಬರೆದಿದ್ದಾರೆ ಎಂದೆ. ಅವರು ಕಾಗದದ ಮೇಲೆ ಏನೋ ಗೀಚಿ, ಸಹಿ ಹಾಕಿದರು.

"ಹಾಗಾದರೆ ಸದ್ಯಕ್ಕೆ ಬರುವುದಿಲ್ಲ ಎಂದು ಅಪ್ಪನಿಗೆ ಬರೆದುಬಿಡಿ" ಎಂದರು. ನಾನು ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಅದನ್ನು ಕೇಳುವವನು ನಾನೊಬ್ಬನೇ ಎಂದುಕೊಂಡಿದ್ದೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗೆ ಉಸಿರು ಸಲೀಸಾಗಿ ಬರುತ್ತಿತ್ತು. ನಮ್ಮ ಕಚೇರಿಯ ಹೆಡ್ ಕ್ಲಾರ್ಕಿಗೆ ನಾಳೆ ಬರುತ್ತೇನೆಂದು ತಿಳಿಸುವ ನೆಪ ಮಾಡಿ ತಂತಿ ಕಚೇರಿಗೆ ಹೋಗಿ ಎರ್ನಾಕುಳಕ್ಕೆ ಟ್ರಂಕ್ ಕಾಲ್ ಹೇಳಿದೆ. ಆ ಹೊತ್ತಿನ ಪಾಳಿ ಚೇಚ್ಚಿಯದು, ಕಾಲ್ ಅವರ ಕೈ ದಾಟಿಯೇ ಹೋಗಬೇಕೆಂದು ಗೊತ್ತಿತ್ತು. ಈ ಕಡೆಯ ಆಪರೇಟರ್, ಚೇಚ್ಚಿಯ ಬಲೆಗೆ ಬಿದ್ದಿದ್ದ ಅವಳೇ, ನನ್ನ ದನಿಯಲ್ಲಿ ನಾಟಕದ ಅತ್ತೆಯ ರಾಗ ಕೇಳಿದ್ದೇ, ನೀನು ಎರ್ನಾಕುಳದ ಚೇಚ್ಚಿಯ ಹುಡುಗಿಯಲ್ಲವಾ, ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಲೈನಿನಲ್ಲಿ ಅತ್ತ ಕಡೆಗೆ ಎರಡೇ ಮಾತು ಹೇಳಿದ್ದು ನನಗೂ ಕೇಳಿಸಿತು, ಹುಡುಗಿ ಪಾಸು.

ಅತ್ತ ಕಡೆಯಿಂದ ಚೇಚ್ಚಿಯ ದನಿ, ನಿಯಮದ ದನಿ, "ದಯವಿಟ್ಟು ಕಾಯಿರಿ, ನಂಬರು ಕೊಡುತ್ತಿದ್ದೇನೆ." ಸೂಪರ್‌ವೈಸರ್ ಹಿಂದೆಯೇ ನಿಂತಿದ್ದಳಂತೆ. ಆ ನಾಲ್ಕು ಮಾತಿನಲ್ಲಿ ಮೂರು ಕಡೆ ದನಿ ಒಡೆದಿತ್ತು. ಹೆಡ್ ಕ್ಲಾರ್ಕ್ ಫೋನೆತ್ತಿ ಹಲೋ ಹಲೋ ಎಂದರೆ, ಏನು ಹೇಳಲು ಫೋನ್ ಮಾಡಿದ್ದೆಂದೇ ನನಗೆ ಮರೆತುಹೋಗಿತ್ತು.

ಪರೀಕ್ಷಕರ ಮಾತನ್ನು ಚೇಚ್ಚಿ ನನ್ನಿಂದ ಹತ್ತು ಸಲ ಹೇಳಿಸಿಕೊಂಡರು. ನಾಟಕದ ಬಗ್ಗೆ ರೇಡಿಯೋ ನಿಲಯಕ್ಕೆ ವಾರವಾರವೂ ಬರೆಯುತ್ತಿದ್ದ ಕಾಗದದಲ್ಲಿ ಇದನ್ನೂ ಬರೆದರು. ಅಲ್ಲಿಂದ ಎಂದಿನಂತೆ ಅಚ್ಚುಹಾಕಿದ ಕಾರ್ಡು ಬಂತು. ಐದಾರು ತಿಂಗಳಲ್ಲಿ ನಾಟಕ ನಿಂತಿತು. ಒಂದು ಗುರುವಾರ ಆ ಹೊತ್ತಿಗೆ ಯಾರೋ ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಚೇಚ್ಚಿ ಕೊನೆಯವರೆಗೂ ಕೇಳಿ ರೇಡಿಯೋ ಆರಿಸಿದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ಹೋಗಲಿ, ನಾಲ್ಕು ಜನ ಕೇಳಿದೆವಲ್ಲ ಎಂದರು. ಅವರು, ನಾನು, ಮುಖ ಕಾಣದ ಆ ಆಪರೇಟರ್, ಮತ್ತೆ ಆ ಹಿರಿಯರು. ಮುಂದಿನ ವಾರದಿಂದ ಚೇಚ್ಚಿ ಗುರುವಾರ ಸಂಜೆಯ ಪಾಳಿಗೆ ಒಪ್ಪಿಕೊಂಡರು.

ಆಮೇಲೆ ಅವರಿಗೆ ಕೋಳಿಕ್ಕೋಡಿಗೆ ವರ್ಗವಾಯಿತು. ನನಗೆ ಮದುವೆಯಾಯಿತು, ಅದೂ ನಾನು ನೋಡಿ ಒಪ್ಪಿದವರ ಜತೆ, ಎರ್ನಾಕುಳದಲ್ಲೇ. ನಿವೃತ್ತಿಯವರೆಗೆ ಅದೇ ಇಲಾಖೆಯಲ್ಲಿದ್ದೆ. ಚೇಚ್ಚಿಯ ಕಾಗದ ವರ್ಷಕ್ಕೆ ನಾಲ್ಕು, ಆಮೇಲೆ ಎರಡು, ಆಮೇಲೆ ಓಣಂಗೆ ಒಂದು... ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಎಂಟು ತಿಂಗಳಾಗಿತ್ತು. ಅಷ್ಟು ದೊಡ್ಡ ಉಪಕಾರ ಮಾಡಿದವರ ಮುಖವನ್ನು ಕೊನೆಗೊಮ್ಮೆ ನೋಡಲು ಹೋಗದೇ ಇದ್ದವಳು ನಾನು. ಕೆಲಸ, ಮಕ್ಕಳು, ಮುಂದಿನ ರಜೆ ಎಂದು ಮುಂದೆ ಹಾಕಿದೆ. ಆ ನೋವು ಇನ್ನೂ ಹೋಗಿಲ್ಲ.

ಮೊಮ್ಮಗಳಿಗೆ ಮೊನ್ನೆ ಇದನ್ನೆಲ್ಲ ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಆ ನಾಟಕಕ್ಕಾಗಿ ಹುಡುಕಿದಳು. ಎಲ್ಲಿಯೂ ಇಲ್ಲ. ಆ ಕಾಲದಲ್ಲಿ ಮೈಕಿನೆದುರು ಆಡಿ ಮುಗಿಸಿ ಮನೆಗೆ ಹೋಗುತ್ತಿದ್ದರೋ ಏನೋ. ಅಷ್ಟು ಚೆನ್ನಾಗಿತ್ತಾ ಅಜ್ಜೀ ಎಂದು ಅವಳು ಕೇಳಿದಳು. ಬಹಳ ಚೆನ್ನಾಗಿತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ ನಿಜವಾಗಿ ನನಗೆ ಗೊತ್ತಿಲ್ಲ. ಚೇಚ್ಚಿ ಪಕ್ಕದಲ್ಲಿ ಇಲ್ಲದೆ ನಾನು ಅದನ್ನು ಒಂದು ಗುರುವಾರವೂ ಕೇಳಿದವಳಲ್ಲ.